ಹಿತ್ತಲ ಪೇರಲ ಬಾಟಲಿ ಸೇರುವವರೆಗೆ

ಪೇರಲ ಹಣ್ಣನ್ನು ಬಾಟಲಿಗೆ ತುಂಬುವ ಕೆಲಸ ನಮ್ಮ ಮನೆಯಲ್ಲಿ ಶುರುವಾಗುವುದು ಫೆಬ್ರವರಿಯಲ್ಲಿ. ತುಂಬುವುದಕ್ಕೆ ಆಗ ಹಣ್ಣೇ ಇರುವುದಿಲ್ಲ. ಗಿಡಗಳಿಗೆ ನೀರು ಹಾಕುವುದನ್ನು ನಿಲ್ಲಿಸುತ್ತೇನೆ, ಅಷ್ಟೇ.

ಬೀದರಿನ ಬಿಸಿಲಲ್ಲಿ ಹಣ್ಣಿನ ಗಿಡಕ್ಕೆ ನೀರು ನಿಲ್ಲಿಸುವುದಾ ಅಂತ ಹಲವರು ಕೇಳುತ್ತಾರೆ. ಪೇರಲದ ಸ್ವಭಾವ ಗೊತ್ತಿದ್ದರೆ ಆ ಪ್ರಶ್ನೆ ಬರುವುದಿಲ್ಲ. ಇದು ವರ್ಷಕ್ಕೆ ಒಂದೇ ಸಲ ಹೂ ಬಿಡುವ ಗಿಡ ಅಲ್ಲ. ಬೇಸಿಗೆಯಲ್ಲಿ ಬಿಟ್ಟ ಹೂವು ಮಳೆಗಾಲದಲ್ಲಿ ಹಣ್ಣಾಗುತ್ತದೆ. ಮಳೆ ಶುರುವಾದ ಮೇಲೆ ಬಿಟ್ಟಿದ್ದು ಚಳಿಗಾಲದಲ್ಲಿ ಹಣ್ಣಾಗುತ್ತದೆ. ಮಳೆಗಾಲದ ಹಣ್ಣು ಸಪ್ಪೆ, ಮೆತ್ತಗೆ. ಕೊಯ್ದರೆ ಒಳಗೆ ಹಣ್ಣುನೊಣದ ಬಿಳಿ ಹುಳ. ಚಳಿಗಾಲದ್ದು ಗಟ್ಟಿ, ರುಚಿ, ಹುಳವೂ ಕಡಿಮೆ. ಎರಡೂ ಬೆಳೆ ಬೇಕು ಅಂತ ಆಸೆ ಪಟ್ಟರೆ ಗಿಡ ಸೋಲುತ್ತದೆ. ಅದಕ್ಕೇ ಫೆಬ್ರವರಿಯಿಂದ ಮೇ ಮಧ್ಯದವರೆಗೆ ನೀರು ಬಂದ್. ಎಲೆ ಬಾಡುತ್ತದೆ, ಬಹಳಷ್ಟು ಉದುರುತ್ತದೆ, ಗಿಡ ವಿಶ್ರಾಂತಿಗೆ ಹೋಗುತ್ತದೆ. ಬೇರು ಆಳಕ್ಕೆ ಇಳಿದ, ಹಣ್ಣು ಕೊಟ್ಟು ರೂಢಿಯಾದ ಗಿಡಕ್ಕೆ ಮಾತ್ರ ಹೀಗೆ ಮಾಡಬೇಕು. ಎಳೇ ಸಸಿಗೆ ಮಾಡಿದರೆ ಒಣಗಿ ಹೋಗುತ್ತದೆ.

ಜೂನ್ ಹೊತ್ತಿನ ಮಿರಗದ ಮಳೆ ಬೀಳುವ ಮುಂಚೆ ಒಣಗಿದ ರೆಂಬೆ ತೆಗೆದು, ತುದಿಗಳನ್ನು ಸ್ವಲ್ಪ ಕತ್ತರಿಸಿ, ಬುಡ ಕೆದಕಿ, ಎರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ ಹಾಕುತ್ತೇನೆ. ಮಳೆ ಬರದಿದ್ದರೆ ನಾನೇ ನೀರು ಕೊಡುತ್ತೇನೆ. ಮೂರು ನಾಲ್ಕು ವಾರದಲ್ಲಿ ಹೊಸ ಚಿಗುರಿನ ಜೊತೆ ಮೈತುಂಬಾ ಹೂವು. ತೋಟದವರು ಇದಕ್ಕೆ ಮೃಗ ಬಹಾರ, ಅಂದರೆ ಮಿರಗದ ಹೂವಿನ ಹಂಗಾಮು ಅನ್ನುತ್ತಾರೆ. ಹಣ್ಣು ಕೈಗೆ ಬರುವುದು ಎಳ್ಳಮಾವಾಸ್ಯೆಯ ಆಸುಪಾಸು. ಹೊಲಕ್ಕೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೋಗುವ ದಿನಗಳಲ್ಲೇ ನಮ್ಮ ಅಡುಗೆಮನೆಯಲ್ಲಿ ಬಾಟಲಿಗಳೂ ಸಾಲಾಗಿ ನಿಂತಿರುತ್ತವೆ.

ನೀರು ನಿಲ್ಲಿಸುವ ಈ ಪದ್ಧತಿ ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಬೇಸಿಗೆಯಲ್ಲಿ ಹೇಗೂ ನೀರಿಗೆ ತಾಪತ್ರಯ. ಮೇಲಾಗಿ ನಮ್ಮದು ಜಂಬಿಟ್ಟಿಗೆಯ ಕೆಂಪು ನೆಲ. ಸುರಿದ ನೀರು ಮೇಲೆ ನಿಲ್ಲುವುದಿಲ್ಲ, ಸೀದಾ ಕೆಳಗಿಳಿಯುತ್ತದೆ. ಹೀಗೆ ಇಂಗಿದ ನೀರನ್ನು ಹಿಡಿಯಲಿಕ್ಕೆಂದೇ ಬಹಮನಿ ಕಾಲದಲ್ಲಿ ಇಲ್ಲಿ ನೆಲದಡಿ ಸುರಂಗ ಕೊರೆದರು. ನೌಬಾದಿನಲ್ಲಿ ಆ ಕಾರೇಜ್ ಇವತ್ತಿಗೂ ನೋಡಬಹುದು. ನೀರು ನಿಲ್ಲದ ನೆಲ ಪೇರಲಕ್ಕೆ ಒಗ್ಗುತ್ತದೆ, ಗುಂಡಿ ಮಾತ್ರ ದೊಡ್ಡದಿರಬೇಕು. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಗುದ್ದಲಿಗೆ ಬಗ್ಗದ ಕಡೆ ಹಾರೆ ಹಿಡಿಯಬೇಕು. ಅದಕ್ಕೆ ಮೇಲ್ಮಣ್ಣು, ಗೊಬ್ಬರ ತುಂಬಿ ಸಸಿ ನೆಟ್ಟರೆ ಬೇರು ಮುಂದಿನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ನನ್ನವು ಎಲ್-49 ಮತ್ತು ಅಲಹಾಬಾದ್ ಸಫೇದಾ ತಳಿಗಳು. ಎರಡೂ ಬಿಳಿ ತಿರುಳಿನವು. ಬಾಟಲಿಗೆ ಎಲ್-49 ನನಗೆ ಜಾಸ್ತಿ ಇಷ್ಟ, ದೊಡ್ಡ ಹೋಳು ಸಿಗುತ್ತದೆ.

ಹುಳದ ವಿಷಯದಲ್ಲಿ ಒಂದೇ ಮಾತು. ಉದುರಿದ ಹಣ್ಣನ್ನು ಗಿಡದ ಬುಡದಲ್ಲಿ ಬಿಡಬೇಡಿ. ಒಳಗಿನ ಹುಳ ಮಣ್ಣಿಗಿಳಿದು ಕೋಶ ಕಟ್ಟಿ ನೊಣವಾಗಿ ಮೇಲೆ ಬರುತ್ತದೆ. ಅದನ್ನು ಆರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಬಿಸಿಲಿಗಿಡಿ, ಇಲ್ಲವೇ ಆಳವಾಗಿ ಹೂಳಿ. ಜೊತೆಗೆ ಮಿಥೈಲ್ ಯೂಜಿನಾಲ್ ಹಾಕಿದ ಬಲೆ ಡಬ್ಬಿಯನ್ನು ಗಿಡಕ್ಕೆ ತೂಗುಹಾಕಿದರೆ ಗಂಡು ನೊಣಗಳು ಅದಕ್ಕೆ ಬೀಳುತ್ತವೆ.

ಇನ್ನು ಬಾಟಲಿಯ ಕಡೆ ಬರೋಣ. ಉಪ್ಪಿನಕಾಯಿ ಹಾಕುವುದನ್ನು, ಮೆಣಸಿನಕಾಯಿ ಬಾಳಕ ಒಣಗಿಸುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಅಲ್ಲಿ ಕಾಯುವುದು ಉಪ್ಪು, ಎಣ್ಣೆ, ಬಿಸಿಲು. ಹಣ್ಣಿನ ಹೋಳನ್ನು ತೆಳು ಪಾಕದಲ್ಲಿ ಇಟ್ಟಾಗ ಕಾಯುವುದು ಎರಡೇ: ಹುಳಿ ಮತ್ತು ಕುದಿ. ಇಲ್ಲಿ ಸಕ್ಕರೆ ಇರುವುದು ಬರೀ ರುಚಿಗೆ, ಬಣ್ಣಕ್ಕೆ. ಫ್ರಾನ್ಸಿನ ನಿಕೊಲಾ ಅಪೇರ್ ಬಾಟಲಿಯಲ್ಲಿ ಆಹಾರ ಮುಚ್ಚಿ ಕುದಿಸುವ ವಿಧಾನವನ್ನು 1810ರಲ್ಲೇ ಬರೆದು ಪ್ರಕಟಿಸಿದ. ಹಾಗೆ ಮಾಡಿದರೆ ಯಾಕೆ ಕೆಡುವುದಿಲ್ಲ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ, ಹಾಗಾಗಿ ತಪ್ಪು ಮಾಡುವ ಹಕ್ಕು ನಮಗಿಲ್ಲ ಅಂತ ನಾನು ನಂಬಿದ್ದೇನೆ.

ಬೊಟುಲಿನಮ್ ಅನ್ನುವ ಒಂದು ಬ್ಯಾಕ್ಟೀರಿಯಾ ಇದೆ. ಮಣ್ಣಿನಲ್ಲಿ ಎಲ್ಲೆಡೆ ಇರುತ್ತದೆ. ಅದರ ಬೀಜಾಣು ಕುದಿಯುವ ನೀರಿಗೂ ಸಾಯುವುದಿಲ್ಲ. ಗಾಳಿ ಇಲ್ಲದ ಜಾಗ, ಹುಳಿ ಕಡಿಮೆ ಇರುವ ಆಹಾರ ಸಿಕ್ಕರೆ ಬೆಳೆದು ವಿಷ ಬಿಡುತ್ತದೆ. ಆ ವಿಷಕ್ಕೆ ಎಷ್ಟೋ ಸಲ ವಾಸನೆಯೂ ಇರುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಮುಚ್ಚಿದ ಬಾಟಲಿಯಲ್ಲಿ ಗಾಳಿ ಇಲ್ಲ. ಹಾಗಾಗಿ ಉಳಿದ ದಾರಿ ಹುಳಿ ಒಂದೇ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಅದು ಬೆಳೆಯಲಾರದು. ಹುಳಿ ಹೆಚ್ಚಾದಷ್ಟೂ ಪಿಎಚ್ ಕಡಿಮೆ, ಅಷ್ಟು ನೆನಪಿಟ್ಟರೆ ಸಾಕು.

ಈ ಗೆರೆಯನ್ನು ಇಟ್ಟುಕೊಂಡೇ ನಾನು ಹಿತ್ತಲನ್ನು ನೋಡುತ್ತೇನೆ. ನಿಂಬೆ, ಕವಳಿಕಾಯಿ, ಕೆಂಪು ಪುಂಡಿ: ಕಣ್ಣು ಮುಚ್ಚಿಕೊಂಡು ಹಾಕಬಹುದು. ಪೇರಲ, ಮಾವಿನ ಹಣ್ಣು, ಟೊಮ್ಯಾಟೊ: ಇವು ಗೆರೆಯ ಹತ್ತಿರ ಓಡಾಡುವವು. ಮಾಗಿದಷ್ಟೂ ಹುಳಿ ಇಳಿಯುತ್ತದೆ. ಅದಕ್ಕೆ ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಹಾಕಿಯೇ ಹಾಕುತ್ತೇನೆ. ಮನೆಯ ನಿಂಬೆಹಣ್ಣಿನ ರಸ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಒಂದು ಹಣ್ಣಿನ ಹುಳಿ ಇನ್ನೊಂದಕ್ಕಿಲ್ಲ. ಅಳತೆ ಬೇಕಾದ ಕಡೆ ಅಂದಾಜು ಬೇಡ. ಪಪ್ಪಾಯಿಯಲ್ಲಿ ಹುಳಿ ಬಹಳ ಕಡಿಮೆ, ಅದನ್ನು ನಾನು ಬಾಟಲಿಗೆ ಹಾಕುವುದೇ ಇಲ್ಲ. ಕಾಯಿ ಇದ್ದಾಗಲೇ ಟೂಟಿ ಫ್ರೂಟಿ ಮಾಡುತ್ತೇನೆ. ನಮ್ಮ ಕಡೆ ಕಲ್ಲುನೆಲದಲ್ಲೆಲ್ಲ ತಾನೇ ಬೆಳೆಯುವ ಸೀತಾಫಲಕ್ಕೆ ಹುಳಿಯೂ ಇಲ್ಲ, ಬಿಸಿ ತಾಗಿದರೆ ತಿರುಳು ಕಹಿಯಾಗುತ್ತದೆ. ಅದನ್ನು ಬೀಜ ತೆಗೆದು ಫ್ರೀಜರಿಗೆ ಹಾಕುವುದೇ ಸರಿ. ಹಸಿ ಅವರೆ, ಬಟಾಣಿ, ಜೋಳದ ಕಾಳು, ಪಲ್ಯ ಇವನ್ನು ಬಾಟಲಿಯಲ್ಲಿ ಕುದಿಸಿ ಇಡಲೇಬೇಡಿ. ಅವಕ್ಕೆ 116 ಡಿಗ್ರಿ ಮೇಲಿನ ಒತ್ತಡದ ಶಾಖ ಬೇಕು, ಅದಕ್ಕೆಂದೇ ಮಾಡಿದ ಪಾತ್ರೆ ಬೇಕು. ಮನೆಯ ಕುಕ್ಕರ್ ಆ ಕೆಲಸದ್ದಲ್ಲ.

ಈಗ ಪೇರಲದ ಹೋಳು. ಹಣ್ಣು ಹಳದಿಗೆ ತಿರುಗಿರಬೇಕು, ಒತ್ತಿದರೆ ಗಟ್ಟಿ ಇರಬೇಕು. ಸಿಪ್ಪೆ ತೆಳ್ಳಗೆ ಹೆರೆದು, ಎರಡು ಹೋಳು ಮಾಡಿ, ಚಮಚದಿಂದ ಬೀಜದ ತಿರುಳು ಕೆರೆದು ತೆಗೆಯಿರಿ. ಹೋಳು ಕಪ್ಪಾಗದಂತೆ ಚಿಟಿಕೆ ನಿಂಬೆ ಉಪ್ಪು ಹಾಕಿದ ನೀರಿಗೆ ಬಿಡಿ. ಬೀಜದ ತಿರುಳು ಚೆಲ್ಲಬೇಡಿ, ಜೆಲ್ಲಿಗೆ ಬೇಕು. ಒಂದು ಲೀಟರ್ ನೀರಿಗೆ 400 ಗ್ರಾಂ ಸಕ್ಕರೆ ಹಾಕಿ ಪಾಕ ಕುದಿಸಿ. ಬಿಸಿ ನೀರಿನಲ್ಲಿ ಇಟ್ಟಿದ್ದ ಬಾಟಲಿಗೆ ಹೋಳುಗಳನ್ನು ಕುಳಿ ಕೆಳಗೆ ಮಾಡಿ, ಒಂದರ ಮೇಲೊಂದು ಕೂರಿಸಿ. ನಿಂಬೆ ಉಪ್ಪು ಹಾಕಿ ಕುದಿಯುವ ಪಾಕ ಹೊಯ್ಯಿರಿ. ಮೇಲೆ ಅರ್ಧ ಇಂಚು ಖಾಲಿ ಇರಲಿ. ತೆಳ್ಳಗಿನ ಬಿದಿರು ಕಡ್ಡಿಯನ್ನು ಗಾಜಿನ ಒಳಮೈಗೆ ಆನಿಸಿ ಸುತ್ತ ಆಡಿಸಿದರೆ ಹೋಳಿನ ಕೆಳಗೆ ಸಿಕ್ಕ ಗಾಳಿಗುಳ್ಳೆ ಒಂದೊಂದೇ ಮೇಲೆ ಬರುತ್ತವೆ, ಪಾಕ ಕೆಳಗಿಳಿಯುತ್ತದೆ. ಮತ್ತೆ ಪಾಕ ತುಂಬಬೇಕು. ಆಮೇಲೆ ಒದ್ದೆ ಬಟ್ಟೆಯಿಂದ ಬಾಯಿಯ ಅಂಚು ಒರೆಸಿ. ಅಲ್ಲಿ ಒಂದು ಹನಿ ಪಾಕ ಅಂಟಿದ್ದರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಬಾಟಲಿ ಹಳೆಯದಾದರೆ ಪರವಾಗಿಲ್ಲ, ಬಾಯಿ ಒಡೆದಿರಬಾರದು. ಮುಚ್ಚಳ ಮಾತ್ರ ಪ್ರತಿ ಸಲ ಹೊಸದು. ಅದರ ಒಳಅಂಚಿನ ಮೆತ್ತನೆಯ ಪದರ ಒಂದೇ ಸಲಕ್ಕೆ ಚೆನ್ನಾಗಿ ಹಿಡಿಯುವುದು.

ದೊಡ್ಡ ಡಬರಿಯ ತಳಕ್ಕೆ ಹಳೆ ಸೀರೆ ಮಡಿಚಿ ಹಾಕಿ, ಬಾಟಲಿ ನಿಲ್ಲಿಸಿ, ಮುಚ್ಚಳದ ಮೇಲೆ ಒಂದು ಇಂಚು ನೀರು ಬರುವಂತೆ ತುಂಬಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಗಡಿಯಾರ ನೋಡಬೇಕು. ಅರ್ಧ ಲೀಟರ್ ಪೇರಲಕ್ಕೆ 20 ನಿಮಿಷ. ಟೊಮ್ಯಾಟೊ ಬಿಸಿ ಮಾಡಿ ಜಜ್ಜಿ ತುಂಬಿದ್ದರೆ 40 ನಿಮಿಷ.

ಪಕ್ಕದ ಮನೆಯ ಹುಡುಗಿ ನೋಡಲು ಬಂದಾಗ ಕೇಳಿದಳು, "ಪುಸ್ತಕದಾಗ 15 ನಿಮಿಷ ಅದಲ್ರೀ ವೈನಿ, ನೀವ್ಯಾಕ 20 ಕುದಿಸ್ತೀರಿ?"

ಒಳ್ಳೆಯ ಪ್ರಶ್ನೆ. 15 ನಿಮಿಷ ಸಮುದ್ರ ಮಟ್ಟದ ಊರುಗಳಿಗೆ ಬರೆದ ಲೆಕ್ಕ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಬೀದರ್ 600 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸು. ಎಷ್ಟು ಉರಿ ಹಾಕಿದರೂ ಅದು 100 ಮುಟ್ಟುವುದಿಲ್ಲ. ಆ ಕೊರತೆಯನ್ನು ಸಮಯದಲ್ಲಿ ತುಂಬಿಕೊಡಬೇಕು. 300 ಮೀಟರ್ ದಾಟಿದ ಊರುಗಳಿಗೆ 5 ನಿಮಿಷ ಸೇರಿಸುವುದು ರೂಢಿ. ಕಲಬುರಗಿ, ಯಾದಗಿರಿಯೂ 300 ದಾಟಿವೆ, ಅಲ್ಲಿಯವರಿಗೂ ಇದೇ ಲೆಕ್ಕ.

ಉರಿ ಆರಿಸಿ ಐದು ನಿಮಿಷ ಬಿಟ್ಟು ಬಾಟಲಿ ತೆಗೆಯಿರಿ. ನಮ್ಮ ಮನೆಗಳಲ್ಲಿ ಶಹಾಬಾದಿ ಕಲ್ಲಿನ ನೆಲ, ಕಲ್ಲಿನ ಕಟ್ಟೆ. ಚಳಿಗಾಲದ ಬೆಳಗ್ಗೆ ಅವು ತಣ್ಣಗೆ ಕೊರೆಯುತ್ತಿರುತ್ತವೆ. ಬಿಸಿ ಬಾಟಲಿಯನ್ನು ಸೀದಾ ಕಲ್ಲಿನ ಮೇಲಿಟ್ಟರೆ ತಳ ಬಿರುಕು ಬಿಡುತ್ತದೆ. ಹಲಗೆಯ ಮೇಲೆ ದಪ್ಪ ಬಟ್ಟೆ ಹಾಸಿ ಇಡಿ. ಆರುತ್ತಾ ಬಂದಂತೆ ಮುಚ್ಚಳದ ನಡು 'ಟಕ್' ಅಂತ ಒಳಕ್ಕೆ ಕೂರುತ್ತದೆ. ಮರುದಿನ ಬೆರಳಿನಿಂದ ಒತ್ತಿ ನೋಡಿ. ಅಲುಗದಿದ್ದರೆ ಸರಿಯಾಗಿ ಹಿಡಿದಿದೆ. ಮೇಲೆ ಕೆಳಗೆ ಆಡಿದರೆ ಆ ಬಾಟಲಿ ಫ್ರಿಜ್ಜಿಗೆ, ವಾರದೊಳಗೆ ತಿಂದು ಮುಗಿಸಿ.

ಜೆಲ್ಲಿ ನನ್ನ ಅಚ್ಚುಮೆಚ್ಚಿನ ಕೆಲಸ. ಉಳಿದ ಬೀಜದ ತಿರುಳು, ಸಣ್ಣ ಹಣ್ಣು, ಸ್ವಲ್ಪ ಕಾಯಿ ಎಲ್ಲ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಅರ್ಧ ಗಂಟೆ ಬೇಯಿಸುತ್ತೇನೆ. ಒಂದು ಹಿಡಿ ಕೆಂಪು ಪುಂಡಿಯ ಹೂದಳದ ಹೊದಿಕೆಯನ್ನೂ ಹಾಕುತ್ತೇನೆ. ಅದೂ ಇದೇ ಕಾಲದಲ್ಲಿ ಬರುತ್ತದೆ, ಹುಳಿಯೂ ಬಣ್ಣವೂ ಎರಡೂ ಕೊಡುತ್ತದೆ. ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ. ಹಿಂಡಬೇಡಿ, ಹಿಂಡಿದರೆ ಜೆಲ್ಲಿ ಕದಡಾಗುತ್ತದೆ. ಬೆಳಗ್ಗೆ ಒಂದು ಚಮಚ ರಸಕ್ಕೆ ಎರಡು ಮೂರು ಚಮಚ ಸ್ಪಿರಿಟ್ ಬೆರೆಸಿ ಮೆಲ್ಲಗೆ ಆಡಿಸಿ. ರಸ ಒಂದೇ ಮುದ್ದೆಯಾದರೆ ಜೆಲ್ಲಿಯನ್ನು ಗಟ್ಟಿ ಮಾಡುವ ಪೆಕ್ಟಿನ್ ಧಾರಾಳ ಇದೆ ಅಂತ ಅರ್ಥ, ರಸದಷ್ಟೇ ಸಕ್ಕರೆ ಹಾಕಬಹುದು. ತುಂಡು ತುಂಡಾದರೆ ಮುಕ್ಕಾಲು ಪಾಲು ಸಕ್ಕರೆ ಸಾಕು. ಆ ಸ್ಪಿರಿಟ್ ರಸವನ್ನು ಬಾಯಿಗೆ ಹಾಕದೆ ಚೆಲ್ಲಿಬಿಡಿ. ಪಾಕ ಇಳಿಸುವ ಶಾಖ 105 ಡಿಗ್ರಿ ಅಂತ ಪುಸ್ತಕದಲ್ಲಿರುತ್ತದೆ. ಬೀದರಿನಲ್ಲಿ 105ರವರೆಗೆ ಕಾಯಿಸಿದರೆ ಜೆಲ್ಲಿ ಅಂಟಾಗುತ್ತದೆ. ನಿಮ್ಮ ಥರ್ಮಾಮೀಟರನ್ನು ಮೊದಲು ಬರೀ ಕುದಿಯುವ ನೀರಿಗೆ ಹಿಡಿಯಿರಿ. ಅದು ಎಷ್ಟು ತೋರಿಸುತ್ತದೋ ಅದಕ್ಕೆ ನಾಲ್ಕೂವರೆ ಡಿಗ್ರಿ ಸೇರಿಸಿ, ಅಲ್ಲಿಗೆ ಇಳಿಸಿ. ಚಮಚದಿಂದ ಎತ್ತಿ ಬಿಟ್ಟಾಗ ಹನಿಗಳು ಅಂಚಿನಲ್ಲಿ ಕೂಡಿ ಹಾಳೆಯ ಹಾಗೆ ಜಾರಿದರೆ ಆಗಿದೆ. ಬಿಸಿ ಇದ್ದಾಗಲೇ ತುಂಬಿ, ಮುಚ್ಚಳ ಹಾಕಿ, ಇದನ್ನೂ 10 ನಿಮಿಷ ಕುದಿಸಿ.

ಬಾಟಲಿ ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಏಪ್ರಿಲ್ ಮೇನಲ್ಲಿ ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟ ಒಲೆಯ ಬಾಯಿ ಇದ್ದ ಹಾಗೆ. 35 ಡಿಗ್ರಿ ದಾಟುವ ಕಡೆ ಇಟ್ಟರೆ ಬಣ್ಣ ಕಂದಾಗುತ್ತದೆ, ರುಚಿ ಹೋಗುತ್ತದೆ, ಕೆಡುವ ಭಯವೂ ಹೆಚ್ಚು. ನಾನು ಇಡುವುದು ಹಳೆ ಕೋಣೆಯಲ್ಲಿ, ದಪ್ಪ ಜಂಬಿಟ್ಟಿಗೆ ಗೋಡೆಗೆ ಒತ್ತಿ, ನೆಲದ ಮಟ್ಟದಲ್ಲಿ, ಕತ್ತಲಲ್ಲಿ. ಮುಚ್ಚಳದ ಮೇಲೆ ತಿಂಗಳು, ವರ್ಷ, ಯಾವ ಗಿಡ ಅಂತ ಬರೆದಿರುತ್ತೇನೆ. ಹೋಳಿನ ಬಾಟಲಿಗಳನ್ನು ಬಿಸಿಲು ಏರುವ ಮುಂಚೆಯೇ ಹಂಚಿ, ತಿಂದು ಮುಗಿಸುತ್ತೇವೆ. ಜೆಲ್ಲಿ, ಟೊಮ್ಯಾಟೊ ಮುಂದಿನ ಚಳಿಗಾಲದವರೆಗೂ ಇರುತ್ತವೆ.

ತೆರೆಯುವ ಮುಂಚೆ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ. ಮುಚ್ಚಳ ಉಬ್ಬಿದ್ದರೆ, ಪಾಕ ಸೋರಿದ್ದರೆ, ಒಳಗೆ ಗುಳ್ಳೆ ಏಳುತ್ತಿದ್ದರೆ, ತೆರೆದ ಕೂಡಲೇ ಚಿಮ್ಮಿದರೆ ರುಚಿ ನೋಡಲು ಹೋಗಬೇಡಿ. ಎಮ್ಮೆ, ಆಕಳಿಗೂ ಹಾಕಬೇಡಿ. ದನಕರು, ಮಕ್ಕಳ ಕೈಗೆ ಸಿಗದ ಕಡೆ ಆಳವಾಗಿ ಹೂಳಿಬಿಡಿ. ಹಣ್ಣು ಹೋದರೆ ಹೋಗಲಿ, ಮುಂದಿನ ಬೆಳೆ ಬರುತ್ತದೆ.