ಕಡಲ ಜೀವವಿಜ್ಞಾನದ ಮೇಷ್ಟ್ರಾಗಬೇಕೆ? ಅರ್ಜಿಯಿಂದ ಸಂದರ್ಶನದವರೆಗೆ

ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಜಾಗದ ಹತ್ತಿರ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಅಲ್ಲಿ ಎಂ.ಎಸ್ಸಿ ಓದುವ ಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಇದೇ ವಿಷಯದಲ್ಲಿ ವಿಶ್ವವಿದ್ಯಾಲಯದ ಲೆಕ್ಚರರ್ ಆಗೋದು ಹೇಗೆ?

ಹುದ್ದೆಗಳು ಕಡಿಮೆ. ಮೊದಲೇ ಹೇಳಿಬಿಡುತ್ತೇನೆ. ಈ ವಿಷಯಕ್ಕೇ ಅಂತ ವಿಭಾಗ ಇರುವ ವಿಶ್ವವಿದ್ಯಾಲಯಗಳನ್ನು ದೇಶದಲ್ಲಿ ಬೆರಳಲ್ಲಿ ಎಣಿಸಬಹುದು, ಅಧಿಸೂಚನೆ ಯಾವಾಗ ಬರುತ್ತದೆ ಅಂತ ಯಾರಿಗೂ ಹೇಳಲಾಗದು, ಬಂದಾಗ ಅರ್ಜಿಗೆ ಸಿಗುವುದು ಕೆಲವೇ ವಾರ. ಹಾಗಾಗಿ ಅಧಿಸೂಚನೆ ನೋಡಿದ ಮೇಲೆ ತಯಾರಿ ಶುರುಮಾಡಿದರೆ ಆಗುವುದಿಲ್ಲ. ಫೈಲು ಮೊದಲೇ ಸಿದ್ಧವಾಗಿರಬೇಕು.

ಮೊದಲು, ಯಾವ ಹುದ್ದೆ ನಿಮ್ಮದು?

'ಲೆಕ್ಚರರ್' ಎಂಬ ಹೆಸರು ಮಾತಿನಲ್ಲಿ ಉಳಿದಿದೆ, ಅಷ್ಟೆ. ಅಧಿಸೂಚನೆಯಲ್ಲಿ ಹುಡುಕಬೇಕಾದದ್ದು 'ಸಹಾಯಕ ಪ್ರಾಧ್ಯಾಪಕ'. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಇದು ಅಕಾಡೆಮಿಕ್ ಲೆವೆಲ್ 10, ಆರಂಭದ ಮೂಲ ವೇತನ 57,700 ರೂಪಾಯಿ.

ಇಲ್ಲೇ ಬಹಳ ಜನ ಎಡವುತ್ತಾರೆ. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ಇದೆಯಲ್ಲ, ಅದು ಈಗ ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ಅಲ್ಲಿನ ದಾರಿ ಬೇರೆ. ಅಲ್ಲಿ ಸಾಮಾನ್ಯವಾಗಿ ಎಂ.ಎಫ್.ಎಸ್ಸಿ (ಮೀನುಗಾರಿಕಾ ವಿಜ್ಞಾನದ ಸ್ನಾತಕೋತ್ತರ) ಪದವಿ ಕೇಳುತ್ತಾರೆ, ನೆಟ್ (ಬೋಧನೆಗೆ ಬೇಕಾದ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಕೂಡ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ ನಡೆಸುವಂಥದ್ದು. ಎಂ.ಎಸ್ಸಿ ಕಡಲ ಜೀವವಿಜ್ಞಾನ ಮಾಡಿದವರು ಎರಡೂ ಒಂದೇ ಅಂದುಕೊಂಡು ಅರ್ಜಿ ಹಾಕಿ, ಪರಿಶೀಲನೆಯಲ್ಲೇ ಹೊರಬೀಳುತ್ತಾರೆ. ಶುಲ್ಕವೂ ಹೋಯ್ತು, ಸಮಯವೂ ಹೋಯ್ತು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿ ಕಡಲ ಜೀವಿಗಳ ಮೇಲೆ ಪಿಎಚ್.ಡಿ ಮಾಡಿದವರು ಕಡಲ ಜೀವವಿಜ್ಞಾನದ ಹುದ್ದೆಗಳನ್ನು ಧೈರ್ಯವಾಗಿ ನೋಡಬಹುದು, ಆದರೆ ಅಧಿಸೂಚನೆಯಲ್ಲಿ 'ಸಂಬಂಧಿತ ವಿಷಯ' ಎಂದು ಇದೆಯೋ ಇಲ್ಲವೋ ಅಂತ ಅಕ್ಷರ ಅಕ್ಷರ ಓದಿ, ಅನುಮಾನವಿದ್ದರೆ ಕುಲಸಚಿವರ ಕಚೇರಿಗೆ ಬರೆದು ಕೇಳಿ. ಉತ್ತರ ಕಾಗದದಲ್ಲಿರಲಿ, ಫೋನಿನಲ್ಲಿ ಸಿಕ್ಕ ಭರವಸೆ ನಾಳೆ ಉಪಯೋಗಕ್ಕೆ ಬರುವುದಿಲ್ಲ.

ಅರ್ಹತೆ

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ 55% ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಇದರಲ್ಲಿ 5% ಸಡಿಲಿಕೆ ಇದೆ. ಜೊತೆಗೆ ನೆಟ್ ಅಥವಾ ಸೆಟ್ (ರಾಜ್ಯಮಟ್ಟದ ಅರ್ಹತಾ ಪರೀಕ್ಷೆ) ಆಗಿರಬೇಕು, ಇಲ್ಲವಾದರೆ ಯುಜಿಸಿ ನಿಯಮದ ಪ್ರಕಾರ ಪಡೆದ ಪಿಎಚ್.ಡಿ ಇರಬೇಕು. ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ ಕಡ್ಡಾಯ ಮಾಡುವ ಮಾತು ಹಲವು ವರ್ಷ ನಡೆಯಿತು, ಕೊನೆಗೆ 2023ರ ಜುಲೈ 1ರಿಂದ ಅದು ಐಚ್ಛಿಕ ಎಂದಾಯಿತು. 2025ರ ಜನವರಿಯಲ್ಲಿ ಯುಜಿಸಿ ಇನ್ನೊಂದು ಹೊಸ ಕರಡು ಬಿಟ್ಟಿತು. ಹಾಗಾಗಿ ನೀವು ಅರ್ಜಿ ಹಾಕುವ ಅಧಿಸೂಚನೆಯಲ್ಲಿ ಯಾವ ನಿಯಮದ ಉಲ್ಲೇಖವಿದೆಯೋ ಅದನ್ನೇ ಹಿಡಿದು ಹೋಗಿ.

ನಮ್ಮ ವಿಷಯದವರು ಬರೆಯುವುದು ಸಿಎಸ್‌ಐಆರ್-ಯುಜಿಸಿ ನೆಟ್‌ನ ಜೀವವಿಜ್ಞಾನ ಪತ್ರಿಕೆ. ಒಟ್ಟು 200 ಅಂಕ, ಅದರಲ್ಲಿ ಸಿ ಭಾಗವೇ 100. ಕಷ್ಟ ಏನೆಂದರೆ, ಎರಡು ವರ್ಷ ಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು), ಏಡಿ, ಮೀನು ಅಂತ ಓದಿದವರಿಗೆ ಅಲ್ಲಿ ಜೀವಕೋಶ, ಅಣುಜೀವವಿಜ್ಞಾನ, ರೋಗನಿರೋಧಕ ವ್ಯವಸ್ಥೆಯ ಪ್ರಶ್ನೆಗಳು ಎದುರಾಗುತ್ತವೆ. ಕಡಲಿನವರಿಗೆ ಅನುಕೂಲ ಇರುವುದು ಪರಿಸರ ವಿಜ್ಞಾನ, ವಿಕಾಸ, ಜೀವಿಗಳ ವರ್ಗೀಕರಣದ ಘಟಕಗಳಲ್ಲಿ. ಇವನ್ನು ಪೂರ್ತಿ ಗಟ್ಟಿ ಮಾಡಿಕೊಳ್ಳಿ, ಉಳಿದದ್ದರಲ್ಲಿ ಎರಡು ಮೂರು ಘಟಕ ಆರಿಸಿಕೊಂಡು ಆಳವಾಗಿ ಓದಿ. ಎಲ್ಲಾ ಪ್ರಶ್ನೆಗೂ ಉತ್ತರಿಸಬೇಕಿಲ್ಲ, ಆದರೆ ತಪ್ಪಿಗೆ ಅಂಕ ಕಳೆಯುತ್ತಾರೆ, ಅದಕ್ಕೇ ಸುಮ್ನೆ ಊಹೆ ಮಾಡಬೇಡಿ. ನಮ್ಮ ರಾಜ್ಯದ ಸೆಟ್ ಆದ ಕೆ-ಸೆಟ್ ಅನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ, ಅಲ್ಲಿ ಹಾಗೆ ಅಂಕ ಕಳೆಯುವುದಿಲ್ಲ. ಆದರೆ ಅದರ ಬೆಲೆ ನಮ್ಮ ರಾಜ್ಯದೊಳಗೆ ಮಾತ್ರ. ಗೋವಾ, ಕೊಚ್ಚಿ ಅಂತ ಮನಸ್ಸಿದ್ದರೆ ಕೆ-ಸೆಟ್ ಸಾಲದು, ನೆಟ್ ಇಲ್ಲವೇ ಪಿಎಚ್.ಡಿ ಬೇಕು.

ಅಂಕಗಳ ಲೆಕ್ಕ

ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎನ್ನುವುದಕ್ಕೆ 2018ರ ನಿಯಮದಲ್ಲಿ 100 ಅಂಕಗಳ ಒಂದು ಪಟ್ಟಿ ಇದೆ. ಪದವಿಗೆ ಗರಿಷ್ಠ 15, ಸ್ನಾತಕೋತ್ತರಕ್ಕೆ 25, ಪಿಎಚ್.ಡಿಗೆ 30. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಜೊತೆ ನೆಟ್ ಆಗಿದ್ದರೆ 7, ಬರೀ ನೆಟ್‌ಗೆ 5, ಸೆಟ್‌ಗೆ 3. ಸಂಶೋಧನಾ ಪ್ರಬಂಧ ಒಂದಕ್ಕೆ 2ರಂತೆ ಹೆಚ್ಚೆಂದರೆ 10, ಬೋಧನೆ ಅಥವಾ ಪಿಎಚ್.ಡಿ ನಂತರದ ಸಂಶೋಧನೆಯ ಅನುಭವಕ್ಕೆ ವರ್ಷಕ್ಕೆ 2ರಂತೆ ಹೆಚ್ಚೆಂದರೆ 10, ಪ್ರಶಸ್ತಿಗೆ 3.

ಈಗ ನೀವೇ ಕೂಡಿ ನೋಡಿ. ಪಿಎಚ್.ಡಿ ಐಚ್ಛಿಕ ಅನ್ನುವುದು ಕಾಗದದ ಮಾತು. 30 ಅಂಕ ಬಿಟ್ಟುಕೊಟ್ಟು ಕರೆಪತ್ರ ಸಿಗುವುದು ತೀರಾ ಅಪರೂಪ, ಅದಕ್ಕೆ ಪಿಎಚ್.ಡಿ ಮಾಡಿಯೇ ಬನ್ನಿ ಅಂತ ನಾನು ಹೇಳುತ್ತೇನೆ. ಪ್ರಬಂಧಗಳ ವಿಷಯದಲ್ಲಿ ಇನ್ನೊಂದು ಮಾತು: ಐದು ಪ್ರಬಂಧಕ್ಕೇ ಆ 10 ಅಂಕ ಮುಗಿಯುತ್ತದೆ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುವ ಪತ್ರಿಕೆಗಳಲ್ಲಿ ಹದಿನೈದು ಪ್ರಬಂಧ ಹಾಕಿಸಿಕೊಂಡರೆ ಅಂಕ ಜಾಸ್ತಿ ಆಗುವುದಿಲ್ಲ, ಸಂದರ್ಶನದಲ್ಲಿ ಕೂತ ತಜ್ಞರು ಅವನ್ನು ನೋಡಿದ ಕೂಡಲೇ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಇದೆಲ್ಲ ಬಾಗಿಲವರೆಗೆ ಮಾತ್ರ. ಆಯ್ಕೆ ಆಗುವುದು ಸಂದರ್ಶನದಲ್ಲಿ ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಅಂತ ಅದೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

ಸಂದರ್ಶನ: ಕಡಲು ಗೊತ್ತಿದೆಯಾ?

ಸಮಿತಿಯಲ್ಲಿ ಕುಲಪತಿ ಅಥವಾ ಅವರು ಸೂಚಿಸಿದವರು, ಡೀನ್, ವಿಭಾಗದ ಮುಖ್ಯಸ್ಥರು, ಮೂವರು ವಿಷಯ ತಜ್ಞರು ಇರುತ್ತಾರೆ. ನಿಮ್ಮ ಕೈಯಲ್ಲಿ ಒಂದು ಪಾಠ ಮಾಡಿಸಿ ನೋಡಲೂಬಹುದು. ಇಲ್ಲಿ ಗೆಲ್ಲುವವರು ನಿಜವಾಗಿ ನೀರಿಗಿಳಿದವರು ಎಂದು ನನಗೆ ಬಲವಾದ ನಂಬಿಕೆ.

ಒಂದು ಉದಾಹರಣೆ. 'ಬೂತಾಯಿ ಮೀನು ಕೆಲವು ವರ್ಷ ಯಾಕೆ ಕಡಿಮೆ ಸಿಗುತ್ತದೆ?' ಎಂದು ಕೇಳಿದರೆ ಪುಸ್ತಕದ ಉತ್ತರ ಎಲ್ಲರೂ ಹೇಳುತ್ತಾರೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣೀರು ಮೇಲೆ ಬರುತ್ತದೆ, ಅದರ ಜೊತೆ ಪೋಷಕಾಂಶ ಬರುತ್ತದೆ, ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ಹೆಚ್ಚುತ್ತವೆ, ಬೂತಾಯಿ ಅವನ್ನು ತಿಂದು ಬೆಳೆಯುತ್ತದೆ, ಆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆಯಾದರೆ ಮೀನು ದೂರ ಹೋಗುತ್ತದೆ, ಇತ್ಯಾದಿ. ಸರಿ. ಆದರೆ ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಂದರೆ ಈ ಬದಲಾವಣೆ ಜೋರಾಗಿ ನಡೆಯುವ ತಿಂಗಳಲ್ಲೇ ಬಂದರಿನಲ್ಲಿ ಮೀನಿನ ಮಾದರಿ ಸಿಗುವುದು ಕಷ್ಟ. ಹಾಗಿದ್ದರೆ ವಿದ್ಯಾರ್ಥಿಗಳ ಪ್ರಾಜೆಕ್ಟನ್ನು ಆಗ ಹೇಗೆ ನಡೆಸುತ್ತೀರಿ? ನದಿ ಮುಖಜದಲ್ಲಿ (ನದಿ ಕಡಲು ಸೇರುವ ಜಾಗದಲ್ಲಿ) ಕೆಲಸ ಮಾಡಿಸುತ್ತೇನೆ, ನಾಡದೋಣಿಯವರ ಜೊತೆ ಮಾತಾಡಿಕೊಂಡಿದ್ದೇನೆ, ದಡದಿಂದಲೇ ಪ್ಲವಕದ ಬಲೆ ಎಳೆದು ಅಭ್ಯಾಸವಿದೆ ಅಂತ ಹೇಳಬಲ್ಲವರು ಮಳೆಗಾಲದಲ್ಲಿ ದಡದ ಮೇಲೆ ನಿಂತವರೇ.

ಹುದ್ದೆ ಇರುವ ಊರಿನ ಕಡಲನ್ನು ಓದಿಕೊಂಡು ಹೋಗಿ. ಕಾರವಾರವಾದರೆ ಕಾಳಿಯ ಕಾಂಡ್ಲಾ ಕಾಡು, 2024ರಲ್ಲಿ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆದ ಅಘನಾಶಿನಿ ಮುಖಜ ಮತ್ತು ಅಲ್ಲಿ ಬಳಚು (ಚಿಪ್ಪುಜೀವಿ) ಆರಿಸಿ ಬದುಕುವ ಜನ, ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳ. ತಮಿಳುನಾಡಿನ ಪರಂಗಿಪೇಟ್ಟೈಯಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರವಾದರೆ ವೆಲ್ಲಾರ್ ಮುಖಜ ಮತ್ತು ಪಿಚಾವರಂ. ಅಂಡಮಾನಿನ ಶ್ರೀ ವಿಜಯ ಪುರಂ, ಅಂದರೆ ಹಿಂದಿನ ಪೋರ್ಟ್ ಬ್ಲೇರ್‌ನ ಪಾಂಡಿಚೇರಿ ವಿಶ್ವವಿದ್ಯಾಲಯದ ಕ್ಯಾಂಪಸ್ ಆದರೆ ಹವಳದ ದಿಬ್ಬ ಗೊತ್ತಿರಲೇಬೇಕು. ಅದು ಕೇಂದ್ರೀಯ ವಿಶ್ವವಿದ್ಯಾಲಯವಾದ್ದರಿಂದ ಹುದ್ದೆಗಳನ್ನು ಅಂಥ ವಿಶ್ವವಿದ್ಯಾಲಯಗಳ ನೇಮಕಾತಿಯ ಸಿಯು-ಚಯನ್ ಪೋರ್ಟಲ್‌ನಲ್ಲೂ ನೋಡುತ್ತಿರಿ.

ಕ್ಷೇತ್ರ ಪ್ರವಾಸದ ಪ್ರಶ್ನೆ ಬಂದರೆ ಸುರಕ್ಷತೆಯಿಂದ ಶುರುಮಾಡಿ. ಇಳಿತದ ಸಮಯ ನೋಡಿಕೊಂಡು ಮಕ್ಕಳನ್ನು ಬಂಡೆಗಳ ಮೇಲೆ ಕರೆದೊಯ್ಯುವುದು, ಭರತ ಶುರುವಾಗುವ ಮೊದಲೇ ವಾಪಸ್ ಕರೆತರುವುದು. ಹವಳ, ಕಡಲಕುದುರೆ, ಸಮುದ್ರ ಸೌತೆಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಮ್ಯೂಸಿಯಂಗೆ ಅಂತ ಹೆಕ್ಕಿ ತರುವಂತಿಲ್ಲ. ಇದನ್ನು ನೀವಾಗಿಯೇ ಹೇಳಿದರೆ ಹತ್ತಾರು ಹುಡುಗರ ಜವಾಬ್ದಾರಿ ನಿಮ್ಮ ಕೈಗೆ ಕೊಡಬಹುದು ಅಂತ ಸಮಿತಿಗೆ ಅನಿಸುತ್ತದೆ.

ಕಾಗದಪತ್ರ

ಪಿಎಚ್.ಡಿಯ ಆಧಾರದಲ್ಲಿ ನೆಟ್ ವಿನಾಯಿತಿ ಕೇಳುವವರು, ಪದವಿ ಯುಜಿಸಿ ನಿಯಮದಂತೆ ಸಿಕ್ಕಿದೆ ಎಂಬ ಪ್ರಮಾಣಪತ್ರವನ್ನು ತಮ್ಮ ವಿಶ್ವವಿದ್ಯಾಲಯದಿಂದ ಈಗಲೇ ಪಡೆದಿಟ್ಟುಕೊಳ್ಳಿ. ಜಾತಿ ಮತ್ತು ಆದಾಯದ ಪತ್ರಗಳ ಅವಧಿ ಮುಗಿದಿಲ್ಲ ತಾನೇ ಅಂತ ನೋಡಿ. ಕಲ್ಯಾಣ ಕರ್ನಾಟಕದವರು ಸಂವಿಧಾನದ 371(ಜೆ) ವಿಧಿಯ ಅಡಿಯ ಅರ್ಹತಾ ಪತ್ರ ಮರೆಯಬೇಡಿ.

ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರಿಗೆ ಒಂದು ಮಾತು. ಬಹಳಷ್ಟು ವಿಭಾಗಗಳ ಪಾಠ ಇವತ್ತು ನಡೆಯುತ್ತಿರುವುದೇ ನಿಮ್ಮಿಂದ, ಅದಕ್ಕೆ ತಕ್ಕ ಸಂಬಳವಾಗಲಿ ಭದ್ರತೆಯಾಗಲಿ ಇಲ್ಲ, ಇದು ಅನ್ಯಾಯ. ಕನಿಷ್ಠ ಆ ಅನುಭವದ ಲೆಕ್ಕವಾದರೂ ತಪ್ಪದಿರಲಿ. ಪ್ರತಿ ವರ್ಷ ಅವಧಿ ಮುಗಿದ ಕೂಡಲೇ ನೇಮಕದ ಆದೇಶ, ಶುರು ಮತ್ತು ಕೊನೆಯ ದಿನಾಂಕ, ಕಲಿಸಿದ ವಿಷಯ, ವಾರದ ಗಂಟೆಗಳು, ಸಂಭಾವನೆ ಇಷ್ಟೂ ಇರುವ ಅನುಭವ ಪತ್ರಕ್ಕೆ ಸಹಿ, ಮೊಹರು ಹಾಕಿಸಿಕೊಳ್ಳಿ. ಮುಖ್ಯಸ್ಥರು ಬದಲಾದ ಮೇಲೆ ಹಳೇ ವರ್ಷದ ಪತ್ರ ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.