ಸತ್ತ ಲ್ಯಾಪ್‌ಟಾಪ್ ಬೋರ್ಡ್: 1 ವೋಲ್ಟ್‌ನಲ್ಲಿ ಸಿಕ್ಕ ಶಾರ್ಟ್

ಬಳ್ಳಾರಿಯ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಆಫೀಸಿನ ಲ್ಯಾಪ್‌ಟಾಪ್ ಇದು. 19 ವೋಲ್ಟ್ ಅಡಾಪ್ಟರ್ ಹಾಕಿದರೂ ಚಾರ್ಜಿಂಗ್ ಲೈಟ್ ಇಲ್ಲ, ಬಟನ್ ಒತ್ತಿದರೆ ಫ್ಯಾನೂ ತಿರುಗುವುದಿಲ್ಲ. ಒಳಗೆಲ್ಲ ಕೆಂಪು ಧೂಳು.

ಬೇರೆ ಅಡಾಪ್ಟರ್ ಹಾಕಿದೆ, ರ‍್ಯಾಮ್ ಬದಲಿಸಿದೆ, ಬಯಾಸ್ ಚಿಪ್ (ಲ್ಯಾಪ್‌ಟಾಪ್ ಶುರು ಮಾಡುವ ಪ್ರೋಗ್ರಾಂ ಇರುವ ಚಿಪ್) ಮತ್ತೆ ಬರೆದೆ. ಏನೂ ಆಗಲಿಲ್ಲ. ಸುಮ್ನೆ ಇಡೀ ಬೋರ್ಡಿಗೆ ಬಿಸಿಗಾಳಿ ಹೊಡೆದು ಒಂದು ದಿನ ಹಾಳು ಮಾಡಿದೆ. ಅದು ರಿಪೇರಿಯೇ ಅಲ್ಲ, ಜೂಜು.

ಮೀಟರ್ ಮೊದಲೇ ಹಿಡಿಯಬೇಕಿತ್ತು. ಅಡಾಪ್ಟರ್ ಕಡೆಯ ಎರಡು ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ದಾಟಿದ ಮೇಲೆ, ಇಡೀ ಬೋರ್ಡಿಗೆ ಕರೆಂಟ್ ಹಂಚುವ ಮೇನ್ ಲೈನ್‌ನಿಂದ ಗ್ರೌಂಡ್‌ಗೆ 0.4 ಓಮ್, ಅಂದರೆ ಬಹುತೇಕ ನೇರ ಸಂಪರ್ಕ. ಶಾರ್ಟ್ ಅಲ್ಲೇ ಇತ್ತು.

ಇನ್ನು ಕ್ರಮ ಮುಖ್ಯ. ಬ್ಯಾಟರಿ ಕಳಚಿ. ಪ್ರೊಸೆಸರ್ ಕಾಯಿಲ್‌ಗಳ ಹಿಂದಿನ ಮಾಸ್ಫೆಟ್ ಶಾರ್ಟ್ ಆಗಿಲ್ಲ ಅಂತ ನೋಡಿಕೊಳ್ಳಿ. ಆಗಿದ್ದರೆ ಕರೆಂಟ್ ನೇರ ಪ್ರೊಸೆಸರ್‌ಗೆ ನುಗ್ಗುತ್ತದೆ. ಆಮೇಲೆ ವೋಲ್ಟ್, ಆಂಪ್ ಹೊಂದಿಸಬಹುದಾದ ಟೇಬಲ್ ಪವರ್ ಸಪ್ಲೈ 1 ವೋಲ್ಟ್, ಕರೆಂಟ್ ಮಿತಿ 3 ಆಂಪ್. ಪ್ಲಸ್ ಮೇನ್ ಲೈನ್‌ಗೆ, ಮೈನಸ್ ಸ್ಕ್ರೂ ತೂತಿನ ಗ್ರೌಂಡ್‌ಗೆ. ಬೋರ್ಡಿಗೆ ಐಪಿಎ (ಬೇಗ ಆರುವ ಐಸೊಪ್ರೊಪೈಲ್ ಆಲ್ಕೋಹಾಲ್) ಸವರಿ. ಶಾರ್ಟ್ ಆದ ಭಾಗ ಬಿಸಿಯಾಗುತ್ತದೆ, ಹಾಗಾಗಿ ಮೊದಲು ಒಣಗುವ ಜಾಗವೇ ಕಳ್ಳ.

ನಾನು ಮಧ್ಯಾಹ್ನ ಮಾಡಿದ್ದೆ. ನಮ್ಮೂರ ಬಿಸಿಲಿಗೆ ಎಲ್ಲವೂ ಒಟ್ಟಿಗೇ ಒಣಗಿತು! ಮರುದಿನ ಬೆಳಿಗ್ಗೆ, ಸೀಲಿಂಗ್ ಫ್ಯಾನ್ ಆಫ್ ಮಾಡಿ ಮತ್ತೆ ಸವರಿದೆ. ಚಾರ್ಜಿಂಗ್ ಐಸಿ ಪಕ್ಕದ ಪುಟ್ಟ ಕೆಪಾಸಿಟರ್ ಒಂದೇ ತಕ್ಷಣ ಒಣಗಿತು.

380 ಡಿಗ್ರಿ ಬಿಸಿಗಾಳಿಯಲ್ಲಿ ಅದನ್ನು ತೆಗೆದೆ. ಮೀಟರ್ ರೀಡಿಂಗ್ ಕಿಲೋ ಓಮ್‌ಗೆ ಏರಿತು, ಶಾರ್ಟ್ ಹೋಯಿತು. ಗುಜರಿ ಬೋರ್ಡಿನಿಂದ ಅದೇ ಸೈಜಿನ 10 ಮೈಕ್ರೋಫ್ಯಾರಡ್, 25 ವೋಲ್ಟ್‌ನದು ಕೂರಿಸಿದೆ. ಪವರ್ ಸಪ್ಲೈಯಿಂದಲೇ ಮೊದಲು 19 ವೋಲ್ಟ್, ಮಿತಿ 1 ಆಂಪ್ ಕೊಟ್ಟೆ; ಸ್ಟ್ಯಾಂಡ್‌ಬೈ 0.02 ಆಂಪ್ ತೋರಿಸಿತು. ಮಿತಿ 3ಕ್ಕೆ ಏರಿಸಿ ಬಟನ್ ಒತ್ತಿದೆ, ಆನ್ ಆಯಿತು. ಬ್ಯಾಟರಿ ಹಾಕಿದ್ದು ಕೊನೆಗೆ.