ಕಡಲು ಹಾಸು, ಚಿರೆಕಲ್ಲು ಹೊಕ್ಕು: ಜಲವರ್ಣ ಕಾಗದದ ನೇಯ್ಗೆ

ತೆಂಗಿನ ಮಡಲು ಹೆಣೆಯುವುದನ್ನು ನೋಡಿದವರಿಗೆ ಈ ಕೆಲಸ ಅರ್ಧ ಗೊತ್ತಿದ್ದಂತೆಯೇ. ಎರಡು ಚಿತ್ರ ಬರೆದು, ಪಟ್ಟಿಗಳಾಗಿ ಕೊಯ್ದು, ಒಂದರೊಳಗೆ ಇನ್ನೊಂದನ್ನು ನೇಯಬೇಕು. ಹಾಸು (ಉದ್ದಕ್ಕೆ ನಿಲ್ಲುವ ಪಟ್ಟಿ) ಕಾರವಾರದ ಕಡಲಾಗಲಿ, ಹೊಕ್ಕು (ಅಡ್ಡಕ್ಕೆ ತೂರಿಸುವ ಪಟ್ಟಿ) ಚಿರೆಕಲ್ಲಾಗಲಿ, ಅಂದರೆ ಕರಾವಳಿಯ ತೂತುತೂತಾದ ಕೆಂಪು ಜಂಬಿಟ್ಟಿಗೆ. ಒಂದು ಹಾಳೆ ಗಾಢ, ಇನ್ನೊಂದು ತಿಳಿ ಇರಬೇಕು. ಎರಡೂ ಸಮ ಗಾಢವಾದರೆ ದೂರದಿಂದ ಹೆಣಿಗೆಯೇ ಕಾಣದು.

ಎ4 ಅಳತೆಯ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಗುವ) ಜಲವರ್ಣ ಕಾಗದ ಎರಡು ಹಾಳೆ ಸಾಕು. 300 ಜಿಎಸ್‌ಎಂ ಬಣ್ಣಕ್ಕೆ ಚೆನ್ನ, ಆದರೆ ಪಟ್ಟಿಯಾದ ಮೇಲೆ ಬಾಗುವುದಿಲ್ಲ, ಸಾಲುಗಳ ನಡುವೆ ಸಂದು ಉಳಿಯುತ್ತದೆ. ತೆಳುವಾದ ಡ್ರಾಯಿಂಗ್ ಹಾಳೆ ನೀರು ಕುಡಿದು ಸುಕ್ಕಾಗುತ್ತದೆ. ನಾಲ್ಕೂ ಅಂಚಿಗೆ ಮುಕ್ಕಾಲು ಸೆಂ.ಮೀ. ಒಳಬರುವಂತೆ ಮಾಸ್ಕಿಂಗ್ ಟೇಪ್ ಹಚ್ಚಿ ಹಲಗೆಗೆ ಬಿಗಿಯಿರಿ.

ಕಡಲಿಗೆ ಅಲ್ಟ್ರಾಮರೀನ್ ನೀಲಿ: ಅದರ ಕಣಗಳು ಒರಟು ಕಾಗದದ ಕುಳಿಗಳಲ್ಲಿ ಇಳಿದು ತಾವೇ ತರಿತರಿ ಮೂಡಿಸುತ್ತವೆ. ಗಾಢವಾಗಿ ಹಚ್ಚಿ, ಹಸಿ ಇರುವಾಗಲೇ ಮುದುಡಿದ ತೆಳು ಪ್ಲಾಸ್ಟಿಕ್ ಒತ್ತಿಡಿ. ಮಡಿಕೆಗಳು ಅಲೆಯ ಗೆರೆಗಳಾಗುತ್ತವೆ. ಪೂರ್ತಿ ಒಣಗುವ ಮೊದಲು ತೆಗೆದರೆ ಬಣ್ಣ ಹರಿದು ಗೆರೆ ಅಳಿಸುತ್ತದೆ; ಮಳೆಗಾಲದಲ್ಲಿ ಫ್ಯಾನಿನಡಿ ಒಂದು ರಾತ್ರಿ ಬಿಡಿ.

ಚಿರೆಕಲ್ಲಿನ ತೂತುಗಳಿಗೆ ಹರಳುಪ್ಪು. ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಗದ್ದೆಯುಪ್ಪು ಸಿಕ್ಕರೆ ಅದೇ ಒಳ್ಳೆಯದು, ಹರಳು ದೊಡ್ಡದು. ನಮ್ಮ ಕರಾವಳಿಯ ಹವೆಯಲ್ಲಿ ಅದು ಡಬ್ಬಿಯಲ್ಲೇ ನೀರೊಡೆದಿರುತ್ತದೆ. ತೇವದ ಉಪ್ಪು ಹಾಳೆಯ ನೀರನ್ನು ಹೀರದು. ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿಕೊಳ್ಳಿ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ತಿಳಿಯಾಗಿ ಬಳಿದು ಕಾಯಿರಿ. ಎಲ್ಲವೂ ಇರುವುದು ಈ ಕಾಯುವಿಕೆಯಲ್ಲೇ. ನೀರು ನಿಂತಿರುವಾಗ ಉದುರಿಸಿದರೆ ಉಪ್ಪು ಕರಗಿ ಹೋಗುತ್ತದೆ, ಹೊಳಪು ಆರಿದ ಮೇಲೆ ಉದುರಿಸಿದರೆ ಏನೂ ಆಗದು. ಹಾಳೆಯನ್ನು ಓರೆಯಾಗಿ ನೋಡಿ, ಹೊಳಪು ಮಂಕಾಗುತ್ತಿರುವಾಗ ಒಂದು ಚಿಟಿಕೆ ವಿರಳವಾಗಿ ಹಾಕಿ. ಹೇರ್ ಡ್ರೈಯರ್ ಬೇಡ. ಒಣಗಿದ ಮೇಲೆ ಉಪ್ಪನ್ನೆಲ್ಲ ಉಜ್ಜಿ ತೆಗೆಯಿರಿ. ಉಳಿದ ಕಣ ಗಾಳಿಯ ತೇವ ಎಳೆದು ಹಾಳೆಯನ್ನು ಜಿಗುಟಾಗಿಸುತ್ತದೆ, ಅಂಟು ಹಿಡಿಯದು. ಎರಡೂ ಹಾಳೆಗಳನ್ನು ಪುಸ್ತಕಗಳಡಿ ಒಂದು ದಿನ ಇಟ್ಟು ಸಪಾಟು ಮಾಡಿ.

ಕಡಲಿನ ಹಾಳೆಯ ಎರಡು ಉದ್ದ ಬದಿಗಳ ಬಿಳಿ ಅಂಚು ಕೊಯ್ದರೆ ಅಗಲ 19.5 ಸೆಂ.ಮೀ. ಹಿಂಬದಿಯಲ್ಲಿ ಒಂದೂವರೆ ಸೆಂ.ಮೀ.ಗೊಂದು ಗೆರೆ ಎಳೆದು, ಮೇಲೆ 2 ಸೆಂ.ಮೀ. ಬಿಟ್ಟು ಕೆಳಗಿನವರೆಗೆ ಸೀಳಿ: 13 ಹಾಸಿನ ಪಟ್ಟಿ. ಉಕ್ಕಿನ ಸ್ಕೇಲ್, ಹೊಸ ಬ್ಲೇಡ್ ಇರಲಿ; ಮೊಂಡು ಬ್ಲೇಡ್ ಅಂಚನ್ನು ಹಿಂಜುತ್ತದೆ. ಚಿರೆಕಲ್ಲಿನ ಹಾಳೆಯನ್ನು ಅಡ್ಡಕ್ಕೆ ಅದೇ ಅಗಲದಲ್ಲಿ ಕೊಯ್ಯುವ ಮೊದಲೇ ಹಿಂದೆ ಪೆನ್ಸಿಲಿನಲ್ಲಿ ಅಂಕೆ ಹಾಕಿ.

ಮೊದಲ ಸಾಲು ಒಂದು ಮೇಲೆ ಒಂದು ಕೆಳಗೆ, ಎರಡನೆಯದು ತಿರುವುಮುರುವು. ಪ್ರತಿ ಸಾಲನ್ನೂ ಸ್ಕೇಲಿನಿಂದ ಮೇಲಕ್ಕೆ ತಳ್ಳಿ. ಲೆಕ್ಕಕ್ಕೆ 18 ಸಾಲು ಹಿಡಿಸಬೇಕು, ಕಾಗದದ ದಪ್ಪದಿಂದ ಒಂದೆರಡು ಕಡಿಮೆಯಾಗಬಹುದು. ಕೊನೆಯ ಸಾಲು ಕೂತ ಮೇಲೆ ಬದಿಯ ಪಟ್ಟಿ ಮತ್ತು ಹೊಕ್ಕಿನ ತುದಿ ಕೂಡುವಲ್ಲಿ ಮಾತ್ರ, ಕಡ್ಡಿಯ ತುದಿಯಿಂದ ಫೆವಿಕಾಲ್ ಚುಕ್ಕೆ ಇಡಿ. ಹೆಚ್ಚಾದರೆ ಪಟ್ಟಿ ಸುರುಟುತ್ತದೆ. ಒಣಗಿದ ಮೇಲೆ ಬದಿಯಲ್ಲಿ ಹೊರಚಾಚಿದ ಬಿಳಿ ತುದಿಗಳನ್ನು ಕತ್ತರಿಸಿ. ಕಟ್ಟು ಹಾಕಿಸುವಾಗ ಗಾಜು ಕಾಗದಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ (ಚಿತ್ರದ ಸುತ್ತ ಕೂರುವ ರಟ್ಟಿನ ಅಂಚು) ಇಡಿಸಿ. ತಾಗಿದಲ್ಲಿ ಜೂನ್ ಜುಲೈಯಲ್ಲಿ ಬೂಷ್ಟು ಬರುತ್ತದೆ.